ಎಲ್ಲರ ತಂದೆಯಾಗಿದ್ದ ಸೇನಾನಿ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಾಳಿನ ಸ್ಮರಣೆ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಸೈನಿಕನೊಬ್ಬನ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ, ಈ ಕೋರಿಕೆ ಏಕೆ ಬಂದಿತೆಂಬುದನ್ನು ಅವರು ವಿವರಿಸಬೇಕಾದ ಅಗತ್ಯವಿರಲಿಲ್ಲ. ತುಮಕೂರು ನಗರದಲ್ಲಿಯೂ, ಗುಬ್ಬಿ ಮತ್ತು ಕುಣಿಗಲ್ ಕಡೆಯ ಊರುಗಳಲ್ಲಿಯೂ ಸೈನ್ಯದಲ್ಲಿ ದುಡಿದು ಮರಳಿದವರ ಮನೆಗಳಿವೆ. ಕ್ರಿಸ್‌ಮಸ್ ರಾತ್ರಿಯ ಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಿರುವ ಹಿರಿಯರನ್ನು ಕಂಡರೆ, ಅವರು ಯಾವ ವೃತ್ತಿಯಿಂದ ನಿವೃತ್ತರಾದವರೆಂದು ಯಾರನ್ನೂ ಕೇಳಬೇಕಾಗಿಲ್ಲ. ಮಗ ಗಡಿಯಲ್ಲಿದ್ದಾನೆ, ಅವನಿಗಾಗಿ ಒಂದು ಪೂಜೆಯನ್ನು ಅರ್ಪಿಸಿರೆಂದು ಕೇಳಿಕೊಂಡು ಬರುವ ತಾಯಂದಿರನ್ನೂ ನಾವು ಬಲ್ಲೆವು. ಅಂಥ ಮನೆಗಳಲ್ಲಿ ಓದಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಆದರೆ ನಾವು ಆರಿಸಿಕೊಂಡ ವ್ಯಕ್ತಿ ನಮ್ಮ ಊರಿನವರಲ್ಲ, ನಮ್ಮ ಮತದವರೂ ಅಲ್ಲ. ಅವರು ಕೊಡಗಿನವರು; ಸ್ವತಂತ್ರ ಭಾರತದ ಸೈನ್ಯಕ್ಕೆ ಭಾರತೀಯರಲ್ಲಿ ಮೊತ್ತಮೊದಲ ಮಹಾದಂಡನಾಯಕರಾದ ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಅವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಅವರ ಪದವಿಗಳನ್ನು ಶಾಲೆಯ ಮಕ್ಕಳೂ ಒಪ್ಪಿಸಬಲ್ಲರು. ಹಾಗಿದ್ದರೂ ಅವರನ್ನು ತಂದೆಯೆಂಬ ದೃಷ್ಟಿಯಿಂದ ನೋಡಿದವರು ಕಡಿಮೆ. ನಾವು ಇಲ್ಲಿ ಪ್ರಯತ್ನಿಸುವುದು ಅದನ್ನೇ.

ತುಮಕೂರು ಸೀಮೆಗೂ ಸೈನ್ಯಕ್ಕೂ ಇರುವ ನಂಟು ಹಳೆಯದು. ಟಿಪ್ಪು ಸುಲ್ತಾನನ ಕಾಲದಿಂದ ದಂಡಿನ ಕುದುರೆಗಳನ್ನು ಸಾಕಿದ ನೆಲ ಕುಣಿಗಲ್. ಕಮಿಷನರರ ಆಡಳಿತದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟರಾಗಿ ತುಮಕೂರಿನಲ್ಲಿ ಬಹುಕಾಲ ನೆಲೆಸಿದ್ದ ಸೈನ್ಯಾಧಿಕಾರಿ ಡಾಬ್ಸ್ ಅವರ ಹೆಸರು ಡಾಬಸ್‌ಪೇಟೆಯ ರೂಪದಲ್ಲಿ ಇಂದಿಗೂ ನಮ್ಮ ಬಾಯಲ್ಲಿದೆ. ತುಮಕೂರು, ಗುಬ್ಬಿಗಳನ್ನು ಹಾದು ಅರಸೀಕೆರೆಯ ಕಡೆಗೆ ಸಾಗುವ ರೈಲು ಎಷ್ಟು ತರುಣರನ್ನು ಉತ್ತರದ ದಂಡುಪ್ರದೇಶಗಳಿಗೆ ಕೊಂಡೊಯ್ದಿತೋ ಲೆಕ್ಕವಿಟ್ಟವರಿಲ್ಲ. ಇನ್ನು ಕುಣಿಗಲ್ಲಿನಿಂದ ಪಶ್ಚಿಮಕ್ಕೆ ಹೊರಟು ಚನ್ನರಾಯಪಟ್ಟಣ, ಹಾಸನಗಳನ್ನು ದಾಟಿ ಮುಂದೆ ದಕ್ಷಿಣಕ್ಕೆ ತಿರುಗಿದರೆ ಉತ್ತರ ಕೊಡಗಿನ ಶನಿವಾರಸಂತೆ ಸಿಗುತ್ತದೆ. ಕಾರ್ಯಪ್ಪನವರು ಹುಟ್ಟಿದ್ದು ಆ ಊರಿನಲ್ಲಿ, 1899ರ ಜನವರಿ 28ರಂದು.

ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರರು. ಕೊಡಗು ಆಗ ಮೈಸೂರಿಗೆ ಸೇರದ, ಆಂಗ್ಲರ ನೇರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ್ಯ. ಆರು ಮಕ್ಕಳ ಆ ಮನೆಯಲ್ಲಿ ಎರಡನೆಯವರಾದ ಇವರನ್ನು ಬಂಧುಗಳು ಚಿಮ್ಮ ಎಂದು ಕರೆಯುತ್ತಿದ್ದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದು ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಆಟಪಾಟಗಳಲ್ಲಿ ಹೇಗೋ ಪುಸ್ತಕಗಳಲ್ಲಿಯೂ ಹಾಗೆಯೇ ಅವರಿಗೆ ಆಸಕ್ತಿಯಿತ್ತು. ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದ ಕಾಲವದು. ಯುದ್ಧದಲ್ಲಿ ಭಾರತೀಯರ ರಕ್ತ ಬೇಕು, ಆದರೆ ಅಧಿಕಾರಿಯ ಪಟ್ಟ ಮಾತ್ರ ಅವರಿಗೆ ಬೇಡವೆಂಬ ಹಳೆಯ ನೀತಿಯನ್ನು ದೇಶದ ನಾಯಕರು ಪ್ರಶ್ನಿಸತೊಡಗಿದ್ದರು. ಅದರ ಫಲವಾಗಿ ಇಂದೋರಿನ ಡೇಲಿ ಕಾಲೇಜಿನಲ್ಲಿ ಭಾರತೀಯ ತರುಣರಿಗಾಗಿ ತರಬೇತಿಯೊಂದು ಏರ್ಪಟ್ಟಿತು. ಅಲ್ಲಿಗೆ ಆಯ್ಕೆಯಾದ ಕೆಲವೇ ಮಂದಿಯಲ್ಲಿ ಕಾರ್ಯಪ್ಪನವರೂ ಒಬ್ಬರು. 1919ರ ಡಿಸೆಂಬರ್ 1ರಂದು ಅವರಿಗೆ ಅಧಿಕಾರಿಯ ಪದವಿ ಲಭಿಸಿತು.

ಮುಂದಿನ ಇಪ್ಪತ್ತೆಂಟು ವರ್ಷಗಳ ಸೇವೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದಕ್ಕೆ ಬೇರೆ ಗ್ರಂಥಗಳಿವೆ. ಮುಂಬಯಿಯಲ್ಲಿ ಮೊದಲ ನೇಮಕ, ಮೆಸಪೊಟೇಮಿಯದಲ್ಲಿ ಮೊದಲ ಅನುಭವ, ವಜೀರಿಸ್ತಾನದ ಕಲ್ಲುಗುಡ್ಡಗಳಲ್ಲಿ ಕಾಳಗ. 1923ರಿಂದ ರಜಪೂತ ರೆಜಿಮೆಂಟೇ ಅವರ ತವರು. ಫತೇಘರದಲ್ಲಿದ್ದಾಗ ಕಾರ್ಯಪ್ಪ ಎಂಬ ಹೆಸರನ್ನು ಉಚ್ಚರಿಸಲಾಗದ ಆಂಗ್ಲ ಅಧಿಕಾರಿಯೊಬ್ಬರ ಪತ್ನಿ ಅದನ್ನು ಕಿಪ್ಪರ್ ಎಂದು ಚಿಕ್ಕದು ಮಾಡಿದಳಂತೆ. ಕಿಪ್ಪರ್ ಎಂದರೆ ಇಂಗ್ಲಿಷಿನಲ್ಲಿ ಹೊಗೆಗೆ ಹಿಡಿದು ಒಣಗಿಸಿದ ಒಂದು ಮೀನು! ಆ ಹೆಸರು ಕೊನೆಯವರೆಗೂ ಅವರನ್ನು ಬಿಡಲಿಲ್ಲ, ಅವರೂ ಅದಕ್ಕೆ ಬೇಸರಿಸಲಿಲ್ಲ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಒಂದು ಪಡೆಯ ನಾಯಕತ್ವವನ್ನು ವಹಿಸಿದ ಮೊದಲ ಭಾರತೀಯರೂ ಅವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್ ಹಾಗೂ ಬರ್ಮಾಗಳಲ್ಲಿ ದುಡಿದರು. ಮೊದಲಿಗನಾಗುವುದರಲ್ಲಿ ಗೌರವವಿದ್ದಂತೆ ಒಂಟಿತನವೂ ಇದೆ. ಊಟದ ಮೇಜಿನ ಸುತ್ತ ಇರುವವರೆಲ್ಲ ಪರಕೀಯರು, ತನ್ನ ಪ್ರತಿಯೊಂದು ತಪ್ಪೂ ತನ್ನ ದೇಶದವರೆಲ್ಲರ ತಪ್ಪಾಗಿ ಎಣಿಕೆಯಾಗುವುದು: ಹೀಗೆ ಬದುಕಿದವನ ನಡೆನುಡಿಯಲ್ಲಿ ಬಿಗಿಯಾದ ಶಿಸ್ತು ಬೆಳೆಯದಿದ್ದರೆ ಆಶ್ಚರ್ಯಪಡಬೇಕು. ಉಡುಪಿನಲ್ಲಿ, ವೇಳೆಯಲ್ಲಿ, ಊಟದ ರೀತಿನೀತಿಗಳಲ್ಲಿ ಅವರು ತೋರುತ್ತಿದ್ದ ಕಟ್ಟುನಿಟ್ಟನ್ನು ಕೆಲವರು ಆಂಗ್ಲರ ಅನುಕರಣೆಯೆಂದು ಹಾಸ್ಯ ಮಾಡಿದ್ದುಂಟು. ಅದರಲ್ಲಿ ಸ್ವಲ್ಪ ನಿಜವೂ ಇದ್ದೀತು. ಆದರೆ ಆ ಬಿಗಿಯ ಒಳಗೆ ಇದ್ದುದೇನೆಂಬುದು ಮುಂದೆ ತಿಳಿಯುತ್ತದೆ.

1937ರ ಮಾರ್ಚಿಯಲ್ಲಿ ಸಿಕಂದರಾಬಾದಿನಲ್ಲಿ ಅವರ ವಿವಾಹವಾಯಿತು. ವಧು ಕೊಡಗಿನ ಅರಣ್ಯಾಧಿಕಾರಿಯೊಬ್ಬರ ಮಗಳು ಮುತ್ತು. ವಯಸ್ಸಿನಲ್ಲಿ ಇಬ್ಬರಿಗೂ ಬಹಳ ಅಂತರವಿತ್ತು. 1938ರ ಜನವರಿಯಲ್ಲಿ ಮಗನೂ, 1943ರ ಫೆಬ್ರವರಿಯಲ್ಲಿ ಮಗಳೂ ಹುಟ್ಟಿದರು. ಈ ಎರಡು ಜನನಗಳ ನಡುವೆ ಮಹಾಯುದ್ಧ ಬಂದಿತ್ತು. ತಂದೆ ಮರುಭೂಮಿಯಲ್ಲಿ, ತಾಯಿ ಮಕ್ಕಳು ಇಲ್ಲಿ. ಯುದ್ಧ ಮುಗಿದ ವರ್ಷದಲ್ಲಿಯೇ, 1945ರ ಸೆಪ್ಟೆಂಬರಿನಲ್ಲಿ, ದಂಪತಿಗಳು ಬೇರೆಯಾದರು. ಕಾನೂನಿನ ವಿಚ್ಛೇದನವೇನೂ ಆಗಲಿಲ್ಲ. ಮೂರು ವರ್ಷಗಳ ತರುವಾಯ ಆ ತಾಯಿ ಅಪಘಾತವೊಂದರಲ್ಲಿ ತೀರಿಕೊಂಡರು.

ಈ ಸಂಗತಿಯನ್ನು ಬಿಟ್ಟು ಮುಂದೆ ಹೋಗಬಹುದಾಗಿತ್ತು. ಸ್ಮರಣ ಸಂಚಿಕೆಗಳಲ್ಲಿ ದೊಡ್ಡವರ ಬಾಳಿನ ಬಿರುಕುಗಳನ್ನು ಬರೆಯುವ ಪದ್ಧತಿಯಿಲ್ಲ. ಆದರೂ ಬರೆದಿದ್ದೇವೆ, ಏಕೆಂದರೆ ನಮ್ಮ ಸೈನಿಕರ ಮನೆಗಳಲ್ಲಿ ಇದು ಅಪರಿಚಿತವಾದ ನೋವಲ್ಲ. ವರ್ಷಕ್ಕೆ ಎರಡು ತಿಂಗಳು ಮನೆಗೆ ಬರುವ ಗಂಡ, ಹತ್ತು ತಿಂಗಳು ಒಬ್ಬಳೇ ಎಲ್ಲವನ್ನೂ ಹೊತ್ತ ಹೆಂಡತಿ. ರಜೆಯ ಮೊದಲ ವಾರದಲ್ಲಿ ಹಬ್ಬ, ಕೊನೆಯ ವಾರದಲ್ಲಿ ಜಗಳ. ಹೀಗೆ ಬೆಳೆದ ಮನಸ್ತಾಪಗಳನ್ನು ಆಲಿಸಲು ಗುರುಗಳಾದ ನಮಗೆ ನಲವತ್ತು ವರ್ಷಗಳಲ್ಲಿ ಎಷ್ಟೋ ಸಂಜೆಗಳು ಬೇಕಾಗಿವೆ. ಇಬ್ಬರಲ್ಲಿ ತಪ್ಪು ಯಾರದೆಂದು ಹೊರಗಿನವರು ತೀರ್ಪಿಡುವುದು ಸಲ್ಲದು. ಕಾರ್ಯಪ್ಪನವರ ವಿಷಯದಲ್ಲಿ ನಮಗೆ ಕಾಣುವುದು ಇಷ್ಟು: ಮನೆ ಒಡೆದ ಮೇಲೆ ಮಕ್ಕಳನ್ನು ಅವರು ಕೈಬಿಡಲಿಲ್ಲ. ತಾಯಿ ತೀರಿಕೊಂಡಾಗ ಮಗನಿಗೆ ಹತ್ತು, ಮಗಳಿಗೆ ಐದು ವರ್ಷ. ತಂದೆಗೆ ಐವತ್ತು ಸಮೀಪಿಸಿತ್ತು. ಅವರು ಮತ್ತೆ ಮದುವೆಯಾಗಲಿಲ್ಲ.

ಆ ಮೂರು ವರ್ಷಗಳಲ್ಲಿ ದೇಶವೂ ಮನೆಯಂತೆಯೇ ಒಡೆಯಿತು. 1947ರಲ್ಲಿ ಸೈನ್ಯವನ್ನು ಎರಡು ರಾಷ್ಟ್ರಗಳ ನಡುವೆ ಪಾಲು ಮಾಡುವ ಕಾರ್ಯದಲ್ಲಿ ಭಾರತದ ಪರವಾಗಿ ದುಡಿದವರಲ್ಲಿ ಕಾರ್ಯಪ್ಪನವರು ಪ್ರಮುಖರು. ಹಳ್ಳಿಯಲ್ಲಿ ಅಣ್ಣತಮ್ಮಂದಿರ ಪಾಲಾಗುವುದನ್ನು ಕಂಡವರಿಗೆ ಗೊತ್ತು: ಜಮೀನನ್ನು ಅಳೆದು ಹಂಚಬಹುದು, ಹಿತ್ತಾಳೆಯ ಹಂಡೆಯ ಬಳಿ ಬಂದಾಗ ಜಗಳ ಹತ್ತುತ್ತದೆ. ಇಲ್ಲಿ ಹಂಚಬೇಕಾಗಿದ್ದುದು ರೆಜಿಮೆಂಟುಗಳು, ತೋಪುಗಳು, ಲಾರಿಗಳು, ಮದ್ದುಗುಂಡಿನ ಉಗ್ರಾಣಗಳು. ಅಷ್ಟೇ ಅಲ್ಲ, ಒಂದೇ ಪಡೆಯಲ್ಲಿ ಒಟ್ಟಿಗೆ ಉಂಡು ಒಟ್ಟಿಗೆ ಗಾಯಗೊಂಡ ಮನುಷ್ಯರು. ನಾಡೆಲ್ಲ ಹೊತ್ತಿ ಉರಿಯುತ್ತಿದ್ದ ದಿನಗಳಲ್ಲಿ ಈ ಪಾಲು ಸೌಹಾರ್ದದಿಂದ ನೆರವೇರಿತೆಂಬುದು ಸಣ್ಣ ಮಾತಲ್ಲ. ಹೀಗೆ ಬೇರೆಯಾಗಿ ಆಚೆಗೆ ಹೋದವರಲ್ಲಿ ಅಯೂಬ್ ಖಾನ್ ಎಂಬ ಅಧಿಕಾರಿಯೂ ಇದ್ದರು. ವಾಚಕರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಪಾಲಾದ ಕೆಲವೇ ವಾರಗಳಲ್ಲಿ ಕಾಶ್ಮೀರದಲ್ಲಿ ಯುದ್ಧವಾರಂಭವಾಯಿತು. 1948ರ ಜನವರಿಯಲ್ಲಿ ಕಾರ್ಯಪ್ಪನವರು ಅಲ್ಲಿಯ ಸೇನೆಯ ಹೊಣೆ ಹೊತ್ತರು. ತಾವು ವಹಿಸಿಕೊಂಡ ವಿಭಾಗಕ್ಕೆ ವೆಸ್ಟರ್ನ್ ಕಮಾಂಡ್ ಎಂಬ ಹೆಸರನ್ನಿಟ್ಟವರು ಅವರೇ. ನೌಶೇರಾದ ಸಮೀಪದ ಕೋಟ್ ಎಂಬ ಎತ್ತರದ ನೆಲೆಯನ್ನು ತಮಗೆ ಕಾಣಿಕೆಯಾಗಿ ಗೆದ್ದುಕೊಡಬೇಕೆಂದು ಬ್ರಿಗೇಡಿಯರ್ ಉಸ್ಮಾನರನ್ನು ಅವರು ಕೇಳಿದರಂತೆ. ಉಸ್ಮಾನರು ಆ ಕಾರ್ಯಾಚರಣೆಗೆ ಕಿಪ್ಪರ್ ಎಂದೇ ಹೆಸರಿಟ್ಟು ಗೆದ್ದುಕೊಟ್ಟರು. ಕೆಲವೇ ತಿಂಗಳುಗಳಲ್ಲಿ ಆ ವೀರರು ರಣರಂಗದಲ್ಲಿ ಮಡಿದರು. ಅದೇ ವರ್ಷದ ನವೆಂಬರ್ 1ರಂದು ಜೋಜಿಲಾ ಕಣಿವೆಯ ಹಿಮದ ನಡುವೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆರಗುಗೊಳಿಸಿದ ಜನರಲ್ ತಿಮ್ಮಯ್ಯನವರೂ ಕೊಡಂದೇರ ಮನೆತನದವರೇ. ಅಂಗೈಯಗಲದ ಕೊಡಗಿನ ಒಂದೇ ಮನೆತನದ ಇಬ್ಬರು ಹಿಮಾಲಯದಲ್ಲಿ ಒಂದೇ ಯುದ್ಧವನ್ನು ನಡೆಸುತ್ತಿದ್ದರು. ಕಾರ್ಗಿಲ್ ಕೈವಶವಾಗಿ ಲೇಹ್‌ಗೆ ಹಾದಿ ತೆರೆಯಿತು.

1949ರ ಜನವರಿ 15ರಂದು ಆಂಗ್ಲ ಜನರಲ್ ಬುಚರರಿಂದ ಕಾರ್ಯಪ್ಪನವರು ಮಹಾದಂಡನಾಯಕರ ಅಧಿಕಾರವನ್ನು ವಹಿಸಿಕೊಂಡರು. ಇಂದಿಗೂ ಜನವರಿ 15 ದೇಶದಲ್ಲಿ ಸೇನಾ ದಿನ. ನಾಲ್ಕು ವರ್ಷಗಳ ಆ ಅವಧಿಯಲ್ಲಿ ಅವರು ಮಾಡಿದ ಕೆಲಸಗಳಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಸೈನ್ಯವನ್ನು ರಾಜಕೀಯದಿಂದ ದೂರವಿರಿಸಿದ್ದು. ನೆರೆಯ ದೇಶಗಳ ಗತಿಯನ್ನು ಕಂಡವರಿಗೆ ಅದರ ಬೆಲೆ ತಿಳಿದಿದೆ. ಯಾವ ಒಂದು ಜಾತಿಗೂ ಪ್ರಾಂತ್ಯಕ್ಕೂ ಸೀಮಿತವಾಗದೆ ದೇಶದ ಎಲ್ಲೆಡೆಯ ಯುವಕರಿಗೂ ತೆರೆದಿದ್ದ ಗಾರ್ಡ್ಸ್ ಎಂಬ ಪಡೆ 1949ರಲ್ಲಿ ರೂಪುಗೊಂಡುದು ಅವರ ಪ್ರೋತ್ಸಾಹದಿಂದ. ಇನ್ನು ಅವರ ಹಿಂದಿಯ ವಿಷಯ! ಸ್ವಾತಂತ್ರ್ಯ ಬಂದ ಹೊಸದರಲ್ಲಿ ಜವಾನರನ್ನು ಉದ್ದೇಶಿಸಿ ಮಾತನಾಡುವಾಗ, ನಾವೆಲ್ಲರೂ ಸ್ವತಂತ್ರರಾದೆವೆಂದು ಹೇಳಹೊರಟು, ಸ್ವತಂತ್ರ ಎಂಬುದಕ್ಕೆ ಹಿಂದಿಯ ಮುಫ್ತ್ ಎಂಬ ಶಬ್ದವನ್ನು ಬಳಸಿ, ದೇಶವೂ ಸೈನ್ಯವೂ ತಾವೂ ಬಿಟ್ಟಿಯಾಗಿ ಸಿಗುವವರೆಂದು ಸಾರಿದರೆಂಬ ಕಥೆ ದಂಡಿನಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಜವಾನರು ನಗಲಿಲ್ಲವಂತೆ, ಅರ್ಥವಾಗಿತ್ತಂತೆ.

ದೆಹಲಿಯ ಆ ದಿನಗಳಲ್ಲಿ ಮಕ್ಕಳಿಬ್ಬರೂ ಯೇಸು ಮರಿಯಮ್ಮನವರ ಹೆಸರಿನ ಕಾನ್ವೆಂಟಿನಲ್ಲಿ, ನಮ್ಮ ಕನ್ಯಾಸ್ತ್ರೀಯರ ಕೈಕೆಳಗೆ ಓದುತ್ತಿದ್ದರು. ಶಾಲೆ ಮನೆಗೆ ಹತ್ತಿರವೇ ಇತ್ತು. ಇತರ ಸೇನಾಧಿಕಾರಿಗಳ ಮಕ್ಕಳೊಡನೆ ಇವರೂ ಸೈನ್ಯದ ಲಾರಿಯೊಂದರಲ್ಲಿ ಹೋಗಿಬರುತ್ತಿದ್ದರು. ಒಂದು ದಿನ ಆ ಲಾರಿ ಬರಲಿಲ್ಲ. ದಂಡನಾಯಕರ ಸಹಾಯಕನಾಗಿದ್ದ ತರುಣ ಅಧಿಕಾರಿಯು ಮಕ್ಕಳು ಕಾಯುವುದು ಬೇಡವೆಂದು ಸರ್ಕಾರಿ ಕಾರನ್ನು ಕಳುಹಿಸಿ ಕರೆಸಿಕೊಂಡನು. ಕೆಲವು ದಿನಗಳ ಮೇಲೆ ಬೆಳಗಿನ ಉಪಾಹಾರದ ವೇಳೆಯಲ್ಲಿ ಈ ವಿಷಯ ಹೇಗೋ ತಂದೆಯ ಕಿವಿಗೆ ಬಿತ್ತು. ಮೇಜಿನ ಸುತ್ತ ಮೌನ ಕವಿಯಿತು. ಅಧಿಕಾರಿಗೆ ಕಠಿಣವಾದ ಛೀಮಾರಿಯಾಯಿತು. ಕಾರು ಓಡಿದಷ್ಟಕ್ಕೂ ಕೂಡಲೇ ಲೆಕ್ಕ ಮಾಡಿ, ಆ ಹಣವನ್ನು ತಮ್ಮ ಸ್ವಂತ ಖಾತೆಯಿಂದ ಕಟ್ಟಬೇಕೆಂದು ಆಜ್ಞೆಯಾಯಿತು. ಈ ಪ್ರಸಂಗವನ್ನು ಹೊರಗೆ ತಿಳಿಸಿದವರು ಮಗನೇ. ತಂದೆಯ ಈ ನಡತೆಯಿಂದ ಹತ್ತು ಹನ್ನೆರಡು ವರ್ಷದ ಆ ಬಾಲಕನಿಗೆ ಆಗ ಏನೆನ್ನಿಸಿತೋ! ತಂದೆಯ ದೊಡ್ಡ ಕಾರಿನಲ್ಲಿ ಕುಳಿತು ಮನೆಗೆ ಬಂದ ಸಂತೋಷವನ್ನು ಮರೆಯಲು ಕೆಲವು ದಿನಗಳಾದರೂ ಬೇಕಾಗಿದ್ದೀತು. ನಮ್ಮ ಊರುಗಳಲ್ಲಿ ಕಚೇರಿಯ ಜೀಪುಗಳು ಭಾನುವಾರ ಎಲ್ಲೆಲ್ಲಿ ನಿಂತಿರುತ್ತವೆಂಬುದನ್ನು ವಾಚಕರು ಬಲ್ಲರು, ಹೆಚ್ಚು ಬರೆಯುವುದಿಲ್ಲ.

1953ರ ಜನವರಿಯಲ್ಲಿ ಅವರು ಸೈನ್ಯದಿಂದ ನಿವೃತ್ತರಾದರು. 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಲ್ಲಿ ಭಾರತದ ಹೈಕಮಿಷನರರಾಗಿದ್ದು ಸ್ವದೇಶಕ್ಕೆ ಮರಳಿ, ಮಡಿಕೇರಿಯಲ್ಲಿ ರೋಶನಾರಾ ಎಂಬ ಮನೆಯಲ್ಲಿ ನೆಲೆಸಿದರು. ಮಗನು ಸೈನಿಕನೇ ಆದನು, ಆದರೆ ತಂದೆಯ ಪದಾತಿದಳಕ್ಕಲ್ಲ, ವಾಯುಪಡೆಗೆ ಸೇರಿದನು. ಬೇರೆಯವರಾದರೆ ಆ ವಯಸ್ಸಿನಲ್ಲಿ ತೋಟ ನೋಡಿಕೊಂಡು ಸುಮ್ಮನಿರುತ್ತಿದ್ದರು. ಕಾರ್ಯಪ್ಪನವರಿಗೆ ನಿವೃತ್ತ ಸೈನಿಕರ ಚಿಂತೆ ಹತ್ತಿಕೊಂಡಿತು. ಹದಿನೈದು ಇಪ್ಪತ್ತು ವರ್ಷ ದುಡಿದು, ಇನ್ನೂ ಮಕ್ಕಳು ಚಿಕ್ಕವರಿರುವಾಗಲೇ ಅಲ್ಪ ಪಿಂಚಣಿಯೊಡನೆ ಮನೆಗೆ ಬರುವ ಜವಾನನಿಗೆ ಊರಿನಲ್ಲಿ ಕೆಲಸವಿಲ್ಲ. ಅವನ ಜಮೀನನ್ನು ಇನ್ನೊಬ್ಬ ಉಳುತ್ತಿರುತ್ತಾನೆ. ತಾಲ್ಲೂಕು ಕಚೇರಿಯಲ್ಲಿ ಅವನ ಅರ್ಜಿಯನ್ನು ಕೇಳುವವರಿಲ್ಲ. 1964ರಲ್ಲಿ ಅವರು ನಿವೃತ್ತ ಸೈನಿಕರ ಅಖಿಲ ಭಾರತ ಸಂಘವೊಂದನ್ನು ಸ್ಥಾಪಿಸಿದರು. ದೇಶದ ಮೂಲೆಮೂಲೆಗಳನ್ನು ಸುತ್ತಿ ಹಳೆಯ ಜವಾನರ ಕಷ್ಟಸುಖಗಳನ್ನು ಕೇಳಿದರು; ಅಧಿಕಾರದಲ್ಲಿರುವವರಿಗೆ ಬರೆದರು, ಮತ್ತೆ ಬರೆದರು. ನಮ್ಮ ಕಡೆಯ ನಿವೃತ್ತ ಸೈನಿಕರಲ್ಲಿ ಹಿರಿಯರಾದವರು ಇಂದಿಗೂ ಅವರ ಹೆಸರನ್ನು ಹೇಳುವಾಗ ದಂಡನಾಯಕನ ಹೆಸರನ್ನು ಹೇಳುವಂತಲ್ಲ, ಮನೆಯ ಹಿರಿಯನ ಹೆಸರನ್ನು ಹೇಳುವಂತೆ ಹೇಳುವುದನ್ನು ನಾವು ಕೇಳಿದ್ದೇವೆ.

ರಾಜಕೀಯದ ಬಗ್ಗೆಯೂ ಎರಡು ಮಾತು ಹೇಳಬೇಕು. ಸೈನ್ಯದಲ್ಲಿದ್ದಷ್ಟು ದಿನ ಅದರಿಂದ ದೂರವಿದ್ದವರು, ಬಿಟ್ಟ ಮೇಲೆ ಅದರ ಬಾಗಿಲನ್ನು ತಟ್ಟಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯಿಂದ ಸ್ಪರ್ಧಿಸಿ ಸೋತರು. ಆಡಳಿತದ ಬಗ್ಗೆ ಅವರು ಆಗಾಗ ಹೇಳುತ್ತಿದ್ದ ಸಲಹೆಗಳೆಲ್ಲವೂ ವಿವೇಕದವೆಂದು ನಾವು ಒಪ್ಪಲಾರೆವು. ದೇಶವನ್ನು ದಂಡಿನ ಶಿಸ್ತಿನಿಂದ ನಡೆಸಬಹುದೆಂದು ಅವರಿಗೆ ಅನ್ನಿಸಿದ್ದುಂಟು. ಜನ ಅವರನ್ನು ಗೌರವಿಸಿದರು, ಮತ ಹಾಕಲಿಲ್ಲ. ಎರಡೂ ಸರಿಯೇ.

ಈಗ 1965ಕ್ಕೆ ಬರೋಣ. ಆ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆದಿತ್ತು. ಮಗ ನಂದಾ ಕಾರ್ಯಪ್ಪ ಆಗ ಫ್ಲೈಟ್ ಲೆಫ್ಟಿನೆಂಟ್. ವಾಯುಪಡೆಯ 20ನೆಯ ಸ್ಕ್ವಾಡ್ರನ್ನಿನಲ್ಲಿ ಹಂಟರ್ ಎಂಬ ಯುದ್ಧವಿಮಾನದ ಚಾಲಕ. ಸೆಪ್ಟೆಂಬರ್ 22, ಯುದ್ಧದ ಕೊನೆಯ ದಿನ. ಮರುದಿನ ಬೆಳಗಿನ ಜಾವಕ್ಕೆ ಕದನವಿರಾಮ. ಆ ದಿನದ ದಾಳಿಯಲ್ಲಿ ನೆಲದಿಂದ ಹಾರಿದ ಗುಂಡುಗಳು ನಂದಾ ಅವರ ವಿಮಾನಕ್ಕೆ ತಗುಲಿ ಬೆಂಕಿ ಹತ್ತಿತು. ಪ್ರಾಣ ಉಳಿಸಿಕೊಳ್ಳಲು ವಿಮಾನದಿಂದ ಹೊರಚಿಮ್ಮಿದ ಅವರು ಗಡಿಯ ಆಚೆಗೆ ಬಿದ್ದು, ಬೆನ್ನೆಲುಬಿಗೆ ಪೆಟ್ಟಾಗಿ, ಸೆರೆಸಿಕ್ಕರು. ಇನ್ನೂ ಕೆಲವು ಗಂಟೆ ಕಳೆದಿದ್ದರೆ ಯುದ್ಧವೇ ಇರುತ್ತಿರಲಿಲ್ಲ.

ಸೆರೆಹಿಡಿದವರಿಗೆ ಅವರು ನಿಯಮದಂತೆ ತಮ್ಮ ಹೆಸರು, ಪದವಿ, ಸಂಖ್ಯೆಗಳನ್ನಷ್ಟೇ ಹೇಳಿದರು. ಆದರೆ ಕಾರ್ಯಪ್ಪ ಎಂಬ ಹೆಸರೇ ಸಾಕಾಗಿತ್ತು. ಸುದ್ದಿ ಮೇಲಕ್ಕೇರಿ ಪಾಕಿಸ್ತಾನದ ಅಧ್ಯಕ್ಷರವರೆಗೂ ಹೋಯಿತು. ಅವರೇ ಅಯೂಬ್ ಖಾನ್. ವಿಭಜನೆಗೆ ಮುಂಚೆ ಒಂದೇ ಸೈನ್ಯದಲ್ಲಿದ್ದು ಕಾರ್ಯಪ್ಪನವರನ್ನು ಚೆನ್ನಾಗಿ ಬಲ್ಲವರು, ಅವರಲ್ಲಿ ಗೌರವವಿದ್ದವರು. ಹುಡುಗ ಬದುಕಿದ್ದಾನೆ, ಸುರಕ್ಷಿತನಾಗಿದ್ದಾನೆ ಎಂದು ಅವರ ರೇಡಿಯೋ ಸಾರಿತು. ಅಷ್ಟಕ್ಕೇ ನಿಲ್ಲದೆ, ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರರ ಮೂಲಕ ಅಯೂಬರು ಮಡಿಕೇರಿಗೆ ಸಂದೇಶವೊಂದನ್ನು ತಲುಪಿಸಿದರು: ತಂದೆ ಬಯಸಿದರೆ ಮಗನನ್ನು ಬಿಡುಗಡೆ ಮಾಡಿ ಕಳುಹಿಸಲಾಗುವುದು.

ಕಾರ್ಯಪ್ಪನವರು ಒಲ್ಲೆನೆಂದರು. ಸಂದೇಶಕ್ಕೆ ಸೌಜನ್ಯದಿಂದ ವಂದನೆಯನ್ನು ಹೇಳಿ, ತಮ್ಮ ಮಗನಿಗೆ ಯಾವ ವಿಶೇಷ ಸೌಲಭ್ಯವೂ ಬೇಡವೆಂದೂ, ಅಲ್ಲಿ ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲರೂ ತಮ್ಮ ಮಕ್ಕಳೇ ಆದ್ದರಿಂದ ಎಲ್ಲರನ್ನೂ ಸಮನಾಗಿ ನೋಡಿಕೊಂಡರೆ ಸಾಕೆಂದೂ ತಿಳಿಸಿದರು.

ಈ ಪ್ರಸಂಗವನ್ನು ಹಬ್ಬದ ಭಾಷಣಗಳಲ್ಲಿ ಕೇಳಿ ನಾವೆಲ್ಲರೂ ಚಪ್ಪಾಳೆ ತಟ್ಟಿದ್ದೇವೆ. ಚಪ್ಪಾಳೆ ತಟ್ಟುವುದು ಸುಲಭ. ಆದರೆ ಒಂದು ಕ್ಷಣ ಆ ಮನೆಯ ಪಡಸಾಲೆಯಲ್ಲಿ ನಿಂತು ನೋಡಿರಿ. ಅರವತ್ತಾರು ವರ್ಷದ ತಂದೆ. ಅಗಲಿ ಹೋದ ಹೆಂಡತಿಯಿಂದ ಉಳಿದ ಇಬ್ಬರು ಮಕ್ಕಳಲ್ಲಿ ಒಬ್ಬನು ಬೆನ್ನು ಮುರಿದುಕೊಂಡು ಶತ್ರುವಿನ ಕೈಯಲ್ಲಿದ್ದಾನೆ. ಒಂದು ಹೌದು ಎಂಬ ಮಾತು ಸಾಕು. ಆ ಹೌದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ, ನಾವಂತೂ ಎನ್ನುತ್ತಿರಲಿಲ್ಲ. ಅಬ್ರಹಾಮನ ಕಥೆಯನ್ನು ಇಲ್ಲಿ ನೆನೆಯುವವರುಂಟು. ನಮಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಅಬ್ರಹಾಮನಿಗೆ ದೇವರ ಆಜ್ಞೆಯಿತ್ತು. ಈ ತಂದೆಗೆ ಯಾರ ಆಜ್ಞೆಯೂ ಇರಲಿಲ್ಲ, ಸರ್ಕಾರವೂ ಒತ್ತಾಯಪಡಿಸಲಿಲ್ಲ. ಅಷ್ಟೇ ಅಲ್ಲ, ತನ್ನ ಪ್ರಾಣವನ್ನು ಒಪ್ಪಿಸುವುದು ಒಂದು, ಮಗನ ಬಿಡುಗಡೆಯನ್ನು ಮಗನ ಪರವಾಗಿ ನಿರಾಕರಿಸುವುದು ಇನ್ನೊಂದು. ತಂದೆಗೆ ಆ ಹಕ್ಕಿದೆಯೇ? ನಮ್ಮ ನೀತಿಶಾಸ್ತ್ರದ ಪಾಠಗಳಲ್ಲಿ ಇಂಥ ಪ್ರಶ್ನೆಗಳಿಗೆ ನಾವು ಚುರುಕಾಗಿ ಉತ್ತರ ಬರೆಯುತ್ತಿದ್ದೆವು. ವಯಸ್ಸಾದಂತೆ ಆ ಚುರುಕು ಕಡಿಮೆಯಾಗಿದೆ.

ನಮಗೆ ತೋರುವ ಉತ್ತರ ಬೇರೊಂದು ದಿಕ್ಕಿನದು. ಅದೇ ದಿನಗಳಲ್ಲಿ ಗುಬ್ಬಿಯಂಥ ಯಾವುದೋ ಊರಿನ ಜವಾನನೊಬ್ಬನೂ ಸೆರೆಯಲ್ಲಿದ್ದನೆಂದು ಭಾವಿಸಿರಿ. ಅವನ ತಂದೆಗೆ ಯಾವ ಹೈಕಮಿಷನರರೂ ಸಂದೇಶ ಕಳುಹಿಸುವುದಿಲ್ಲ. ಅವನ ತಾಯಿ ರೇಡಿಯೋ ಇರುವ ಮನೆಯ ಜಗಲಿಯಲ್ಲಿ ಕುಳಿತು, ಮಗನ ಹೆಸರು ಬರುವುದೋ ಎಂದು ಕಾಯಬೇಕು. ಹಿಂದಿನ ವರ್ಷವಷ್ಟೇ ನಿವೃತ್ತ ಸೈನಿಕರ ಸಂಘವನ್ನು ಕಟ್ಟಿ ಎಲ್ಲರೂ ಒಂದೇ ಕುಟುಂಬವೆಂದು ಸಾರಿದ ಕಾರ್ಯಪ್ಪನವರು, ತಮ್ಮ ಮಗನನ್ನು ಮೊದಲು ಬಿಡಿಸಿಕೊಂಡು ಆ ತಾಯಿಯ ಮುಖವನ್ನು ಹೇಗೆ ನೋಡಬೇಕಾಗಿತ್ತು? ಕಾನ್ವೆಂಟಿನಿಂದ ಮಗನನ್ನು ಕರೆತಂದ ಕಾರಿನ ಖರ್ಚನ್ನು ಕಟ್ಟಿದ ಕೈಯೇ ಈ ಉತ್ತರವನ್ನೂ ಕೊಟ್ಟಿತು. ಲಾರಿ ಬಾರದಿದ್ದರೆ ಎಲ್ಲ ಮಕ್ಕಳೂ ಕಾಯಬೇಕು.

ಇಲ್ಲಿ ಎದುರುಪಕ್ಷದವರಿಗೂ ನ್ಯಾಯ ಸಲ್ಲಿಸಬೇಕು. ಅಯೂಬರ ಪತ್ನಿಯೂ ಹಿರಿಯ ಮಗನೂ ಆಸ್ಪತ್ರೆಯಲ್ಲಿದ್ದ ನಂದಾ ಅವರನ್ನು ನೋಡಲು ಬಂದರು. ಸಿಗರೇಟುಗಳ ಪೆಟ್ಟಿಗೆಯೊಂದನ್ನೂ ವುಡ್‌ಹೌಸರ ನಗೆಕಾದಂಬರಿಯೊಂದನ್ನೂ ಕೊಟ್ಟು ಹೋದರು. ಎರಡು ದೇಶಗಳ ಶವಗಳನ್ನು ಇನ್ನೂ ಎಣಿಸುತ್ತಿದ್ದಾಗ ಹೀಗೊಂದು ಭೇಟಿ ನಡೆಯಿತೆಂಬುದನ್ನು ಮರೆಯಬಾರದು. 1966ರ ಜನವರಿಯಲ್ಲಿ ತಾಷ್ಕೆಂಟಿನ ಒಪ್ಪಂದವಾಯಿತು. ಅದೇ ತಿಂಗಳ 22ರಂದು, ಸರಿಯಾಗಿ ನಾಲ್ಕು ತಿಂಗಳಿಗೆ, ನಂದಾ ಕಾರ್ಯಪ್ಪ ತಾಯ್ನಾಡಿಗೆ ಮರಳಿದರು. ಅವರು ಸೇವೆಯಲ್ಲಿ ಮುಂದುವರಿದು ಏರ್ ಮಾರ್ಷಲ್ ಪದವಿಗೇರಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ತನ್ನ ಬಿಡುಗಡೆಯನ್ನು ಬೇಡವೆಂದ ತಂದೆಯ ಕಥೆಯನ್ನು ಪ್ರೀತಿಯಿಂದ ಬರೆದ ಮಗನನ್ನು ಕಂಡಾಗ, ಆ ಹಕ್ಕಿನ ಪ್ರಶ್ನೆಗೆ ಉತ್ತರಿಸಬೇಕಾದವರು ಬೇರೆಯವರಲ್ಲವೆಂದು ತೋರುತ್ತದೆ.

ಆ ಯುದ್ಧದ ನಂತರದ ಮತ್ತೊಂದು ಸಂಗತಿಯನ್ನು ಹೇಳುತ್ತಾರೆ. ಕಾಶ್ಮೀರದ ಗಡಿಯಲ್ಲಿ ನಮ್ಮ ಜವಾನರನ್ನು ಕಾಣಲು ಹೋದ ಮುದಿ ಜನರಲ್, ಜೊತೆಯವರು ತಡೆದರೂ ಕೇಳದೆ, ಎರಡು ಸೈನ್ಯಗಳ ನಡುವಣ ಬಯಲಿನಲ್ಲಿ ಮುಂದಕ್ಕೆ ನಡೆಯತೊಡಗಿದರ‌ಂತೆ. ಆಚೆಯಿಂದ ಎಚ್ಚರಿಕೆಯ ಕೂಗು ಬಂತು. ಬರುತ್ತಿರುವವರು ಜನರಲ್ ಕಾರ್ಯಪ್ಪನವರೆಂದು ಇತ್ತಲಿಂದ ಯಾರೋ ಕೂಗಿ ಹೇಳಿದರು. ಪಾಕಿಸ್ತಾನಿ ಅಧಿಕಾರಿಯು ತನ್ನವರಿಗೆ ಬಂದೂಕು ಇಳಿಸಲು ಹೇಳಿ, ಹೊರಗೆ ಬಂದು ಸಲಾಮು ಮಾಡಿದನು. ಕಾರ್ಯಪ್ಪನವರು ಅವನ ಸೈನಿಕರ ಯೋಗಕ್ಷೇಮವನ್ನು ವಿಚಾರಿಸಿ, ಮನೆಯಿಂದ ಕಾಗದಗಳು ಸರಿಯಾಗಿ ಬರುತ್ತಿವೆಯೇ ಎಂದು ಕೇಳಿದರು. ದೂರದ ಪೋಸ್ಟಿಂಗಿನಲ್ಲಿ ಮನೆಯ ಕಾಗದಕ್ಕಾಗಿ ಕಾದವರು ಈ ಪ್ರಶ್ನೆಯನ್ನು ಬೇಗ ಅರ್ಥಮಾಡಿಕೊಳ್ಳುವರು.

ಕಾಲ ಸರಿಯಿತು. ಸಂಧಿನೋವು ಬಂತು, ಹೃದಯ ದುರ್ಬಲವಾಯಿತು. ನಿವೃತ್ತರಾದ ಮೂವತ್ತಮೂರು ವರ್ಷಗಳ ನಂತರ, 1986ರಲ್ಲಿ, ಸರ್ಕಾರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತಿತು. ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಎಂಬತ್ತೇಳು ವರ್ಷದ ಅವರಿಗೆ ಕಾಲಿನ ಕಿರುಬೆರಳಿನಲ್ಲಿ ತುಂಬ ನೋವಿತ್ತು. ಮೆತ್ತನೆಯ ಪಾದರಕ್ಷೆ ಹಾಕಿಕೊಳ್ಳಿರೆಂದು ಮನೆಯವರು ಬೇಡಿಕೊಂಡರು. ಸಮವಸ್ತ್ರಕ್ಕೆ ಒಪ್ಪುವ ಚೂಪು ಬೂಟನ್ನೇ ಹಾಕಿಕೊಂಡರು. ಊರುಗೋಲು ಬೇಡವೆಂದರು. ಬಿನ್ನವತ್ತಳೆ ಓದಿ ಮುಗಿಯುವವರೆಗೂ ನಿಂತೇ ಇದ್ದರು.

1993ರ ಮೇ 15ರಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ, ನಿದ್ರೆಯಲ್ಲಿರುವಾಗಲೇ ಅವರ ಪ್ರಾಣ ಹೋಯಿತು. ತೊಂಬತ್ತನಾಲ್ಕು ವರ್ಷ. ನಾವು ಆಗ ಗುರುದೀಕ್ಷೆ ಪಡೆದು ಹೆಚ್ಚು ಕಾಲವಾಗಿರಲಿಲ್ಲ. ಮರುದಿನ ಭಾನುವಾರ, ಪೂಜೆ ಮುಗಿದ ಮೇಲೆ ನಿವೃತ್ತ ಸೈನಿಕರೊಬ್ಬರು ಪತ್ರಿಕೆಯನ್ನು ಕೈಯಲ್ಲಿ ಹಿಡಿದು ದೇವಾಲಯದ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದರು. ಅವರು ಕಾರ್ಯಪ್ಪನವರನ್ನು ಒಮ್ಮೆಯೂ ಸಮೀಪದಿಂದ ಕಂಡವರಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ನಾವು ಕೇಳಿದೆವು. ಅವರು ಪತ್ರಿಕೆಯನ್ನು ತೋರಿಸಿದರು.

ಮೇ 17ರಂದು ಮಡಿಕೇರಿಯಲ್ಲಿ ಸಕಲ ಸೈನಿಕ ಗೌರವಗಳೊಡನೆ ಅಂತ್ಯಕ್ರಿಯೆ ನಡೆಯಿತು. ಮೂರೂ ಪಡೆಗಳ ಮುಖ್ಯಸ್ಥರು ಬಂದಿದ್ದರು. ದೇಶದ ಇನ್ನೊಬ್ಬ ಫೀಲ್ಡ್ ಮಾರ್ಷಲರಾದ ಮಾಣೆಕ್ ಷಾ ಅವರೂ ಬಂದು ಕೊನೆಯ ವಂದನೆಯನ್ನು ಸಲ್ಲಿಸಿದರು. ಚಿತೆಗೆ ಅಗ್ನಿಸ್ಪರ್ಶ ಮಾಡಿದವರು ಮಗ ನಂದಾ.